ರಾಹುಕಾಲದಲ್ಲಿ ಬಂದ ಬ್ರೌಸರ್

ಮೊನ್ನೆ ಮಂಗಳವಾರ ಮಧ್ಯಾಹ್ನ, ನೆನೆಸಿದ ಅವರೆಕಾಳು ಹಿಸುಕುತ್ತಾ ಕೂತಿದ್ದಾಗ ಫೋನ್ ಬಂತು. ಎಲೆಕ್ಟ್ರಾನಿಕ್ ಸಿಟಿಯ ಒಂದು ಆಫೀಸಿನ ಹುಡುಗಿ. "ಮೇಡಂ, ಮನೆಯಿಂದ್ಲೇ ಕನ್ನಡ ಟೈಪಿಂಗ್ ಮಾಡೋ ಕೆಲ್ಸಕ್ಕೆ ಅಪ್ಲೈ ಮಾಡಿದ್ರಲ್ಲಾ? ಇವತ್ತೇ ಮೂರಕ್ಕೆ ಟೆಸ್ಟ್. ಕಂಪ್ಯೂಟರ್‌ನಲ್ಲೇ ಆಗ್ಬೇಕು, ಮೊಬೈಲ್‌ನಲ್ಲಿ ಓಪನ್ ಆಗಲ್ಲ." ಮದುವೆಗೆ ಮುಂಚೆ ಟೈಪಿಂಗ್ ಪಾಸು ಮಾಡಿದವಳು ನಾನು. ಇಷ್ಟು ವರ್ಷಕ್ಕೆ ಯಾರೋ ಅದನ್ನು ವಿಚಾರಿಸಿದ್ದರು. ಸಿಗುವುದಾದರೆ ಇದೇ ನನ್ನ ಮೊದಲ ಕೆಲಸ.

ಬಾಗಲಗುಂಟೆಯ ನಮ್ಮ ಮನೆಯಲ್ಲಿ ಕಂಪ್ಯೂಟರ್ ಇದೆ. ಯಜಮಾನರ ಫ್ಯಾಕ್ಟರಿಯವರು ಬೇಡವೆಂದು ಕೊಟ್ಟದ್ದು. ಪ್ರತಿ ಆಯುಧಪೂಜೆಗೂ ಕುಂಕುಮ ಇಟ್ಟು ಇಟ್ಟು ಅದರ ಕೀಲಿಗಳು ಕೆಂಪಾಗಿವೆ. ನನ್ನ ಪದ್ಧತಿಯನ್ನು ನಿಮಗೆ ಹೇಳಲೇಬೇಕು. ರಾಹುಕಾಲದಲ್ಲಿ ನಾನು ಹೊಸದೇನನ್ನೂ ಶುರು ಮಾಡುವುದಿಲ್ಲ. ಹಾಗಾಗಿ ದಿನಕ್ಕೆ ಒಂದೂವರೆ ಗಂಟೆ ಬಿಡುವು. ಅತ್ತೆಯವರೂ ಪ್ರಶ್ನಿಸಲಾಗದ ಒಂದೇ ಒಂದು ಬಿಡುವು, ದೇವರು ದೊಡ್ಡವನು. ಆಗ ಕಂಪ್ಯೂಟರಿನಲ್ಲಿ ತುಂಬಿಸಿಟ್ಟ ದೇವರನಾಮ ಕೇಳುತ್ತೇನೆ. "ಅಪ್‌ಡೇಟ್ ಮಾಡಲೇ?" ಎಂದು ಅದು ಕೇಳುವುದೂ ಆಗಲೇ. ರಾಹುಕಾಲದಲ್ಲಿ ಹೊಸದೇ? "ಆಮೇಲೆ" ಒತ್ತುತ್ತಿದ್ದೆ. ಹೀಗೆ ಹನ್ನೊಂದು ವರ್ಷ.

ಎರಡೂವರೆಗೆ ಟೆಸ್ಟಿನ ಪುಟ ತೆರೆದರೆ, ನಿಮ್ಮ ಬ್ರೌಸರ್ ಹಳೆಯದು ಎಂದಿತು. ಹೊಸ ಬ್ರೌಸರ್ ಹಾಕಹೋದರೆ, ನಿಮ್ಮ ಕಂಪ್ಯೂಟರೇ ಹಳೆಯದು ಎಂದಿತು. ಮುಂದೆ ನನ್ನ ವಯಸ್ಸಿಗೇ ಬರುತ್ತದೆಂದು ಅಲ್ಲಿಗೇ ನಿಲ್ಲಿಸಿದೆ.

ಅಷ್ಟರಲ್ಲಿ ಮೇಲಿನ ಬಾಡಿಗೆ ಮನೆಯ ನೀಲವ್ವ ಶಿಫ್ಟ್ ಮುಗಿಸಿ ಬಂದಳು. ಗದಗಿನ ಕಡೆಯವಳು, ಪೀಣ್ಯದ ಫ್ಯಾಕ್ಟರಿಯೊಂದರಲ್ಲಿ ಬಿಲ್ ಮಾಡುತ್ತಾಳೆ. ಕತೆ ಕೇಳಿ ಸೊಂಟ ಹಿಡಿದುಕೊಂಡು ನಕ್ಕಳು.

"ಅಯ್ಯ ಅಕ್ಕಾರ, ಒಮ್ಮೆರ ಹೂಂ ಅನ್ನಬಾರ್ದಿತ್ತೇನ್ರಿ?"

"ರಾಹುಕಾಲ ಕಣೇ."

"ಹನ್ನೊಂದ್ ವರ್ಷದ ರಾಹುಕಾಲ! ತಡೀರಿ, ನಮ್ ಫ್ಯಾಕ್ಟ್ರ್ಯಾಗೂ ಇಂಥಾ ಮುದುಕಪ್ಪ ಒಂದ್ ಐತ್ರಿ."

ಹಳೆಯ ಕಂಪ್ಯೂಟರುಗಳಿಗೆಂದೇ ಯಾರೋ ಪುಣ್ಯಾತ್ಮರು ಮಾಡಿಟ್ಟ ಬ್ರೌಸರನ್ನು ತನ್ನ ಮೊಬೈಲಿಗೆ ಇಳಿಸಿ, ವೈರು ಚುಚ್ಚಿ ಇದಕ್ಕೆ ದಾಟಿಸಿದಳು. "ಇನ್‌ಸ್ಟಾಲ್" ಎಂಬ ಗುಂಡಿ ಮೂಡುವ ಹೊತ್ತಿಗೆ ಗಂಟೆ ಮೂರು. ಮಂಗಳವಾರ ರಾಹುಕಾಲ ಶುರುವಾಗುವುದೂ ಮೂರಕ್ಕೇ.

"ಒತ್ರಿ ಅಕ್ಕಾರ. ಇಲ್ಲಾಂದ್ರ ಆ ಕೆಲ್ಸ ರಾಹುಗ ಸಿಗತೈತಿ, ನಿಮಗಲ್ಲ."

ಎದ್ದು ಹೋಗಿ ದೇವರ ಮನೆಯ ಪರದೆ ಎಳೆದು ಬಂದೆ. ಕಣ್ಣು ಮುಚ್ಚಿ ಒತ್ತಿದೆ.

ಏಳು ನಿಮಿಷ ತಡವಾಗಿ ಪುಟ ತೆರೆಯಿತು. ಬೆರಳುಗಳು ಮೊದಲು ತಡವರಿಸಿದವು, ಆಮೇಲೆ ಅವಕ್ಕೇ ದಾರಿ ನೆನಪಾಯಿತು. ನಾಲ್ಕು ಗಂಟೆಗೆ ಆ ಹುಡುಗಿಯ ಫೋನು: "ಸ್ಪೀಡ್ ಕಮ್ಮಿ ಮೇಡಂ. ಆದ್ರೆ ತಪ್ಪು ಒಂದೂ ಇಲ್ಲ. ಸೋಮವಾರದಿಂದ ಶುರು ಮಾಡ್ಕೊಳಿ."

ಇಷ್ಟು ವರ್ಷ ಕಾದು ಕಾದು ಆರಿಸಿಕೊಂಡ ಶುಭಗಳಿಗೆಗಳಲ್ಲಿ ನಾನು ಏನೇನು ಶುರು ಮಾಡಿದ್ದೆ ಎಂದು ನೆನೆಸಿಕೊಂಡೆ. ಹಪ್ಪಳ, ಉಪ್ಪಿನಕಾಯಿ, ಚಕ್ಕುಲಿ.

ಪರದೆ ಸರಿಸಿ, ಸ್ವಾಮಿಗೆ ಕೈಮುಗಿದು, ಟೆರೇಸಿನಲ್ಲಿ ಒಣಗಿದ ಬಟ್ಟೆ ತರಲು ಹೋದೆ.