ಒಂದೇ ಸಾಲಿನ ಭಿನ್ನರಾಶಿ

ಕಳೆದ ತಿಂಗಳು ನನ್ನ ಹಳೆಯ ಬೀಜಗಣಿತದ ಪುಸ್ತಕವನ್ನು ಮೊದಲ ಬಾರಿಗೆ ಮೊಬೈಲಿನ ಪರದೆಯ ಮೇಲೆ ನೋಡಿದೆ. ನಿವೃತ್ತಿಯಾದ ಮೇಲೆ, ಗಣಿತದ ಪುಟಗಳನ್ನು ಕಂಪ್ಯೂಟರಿನಲ್ಲಿ ಜೋಡಿಸುವ ಲೇಟೆಕ್ ಕಲಿತು, ಎರಡು ವರ್ಷ ಕುಳಿತು, ಇಡೀ ಪುಸ್ತಕವನ್ನು ನಾನೇ ಟೈಪ್ ಮಾಡಿದ್ದೆ. ಕಾಗದದ ಮೇಲಿನ ಅಚ್ಚು ಮುತ್ತು ಪೋಣಿಸಿದ ಹಾಗೆ ಬಂದಿತ್ತು. ಅದನ್ನೇ ಇ-ಪುಸ್ತಕಕ್ಕೆ ಬದಲಾಯಿಸಿದಾಗ ಎಲ್ಲ ಕಲಸಿಹೋಯಿತು. ನಾಲ್ಕನೇ ಅಧ್ಯಾಯದ ಒಂದು ಭಿನ್ನರಾಶಿಯ ಅಂಶ ಒಂದು ಪುಟದ ಕೊನೆಯಲ್ಲಿ ಉಳಿದಿತ್ತು. ಛೇದ ಮುಂದಿನ ಪುಟದ ತಲೆಯ ಮೇಲೆ ಒಂಟಿಯಾಗಿ ನಿಂತಿತ್ತು. ನಡುವಿನ ಗೆರೆ ಎಲ್ಲಿಯೂ ಇರಲಿಲ್ಲ. ಅದನ್ನು ನೋಡುತ್ತ ಕುಳಿತಿದ್ದಾಗ ಸಾಗರದ ಪ್ರೆಸ್ಸಿನಲ್ಲಿದ್ದ ಆ ಮೇಸ್ತ್ರಿಗಳ ನೆನಪು ಬಂತು... ಎಷ್ಟೋ ವರ್ಷಗಳಿಂದ ಬಾರದಂತೆ ನಾನೇ ತಡೆದಿಟ್ಟುಕೊಂಡಿದ್ದ ನೆನಪು.

ಎಪ್ಪತ್ತರ ದಶಕದ ಕೊನೆಯ ಮಾತು. ನಾನಾಗ ತೀರ್ಥಹಳ್ಳಿಯಲ್ಲಿ ಹೈಸ್ಕೂಲಿನ ಗಣಿತದ ಟೀಚರ್. ಖಾಸಗಿಯಾಗಿ ಎಸ್ಸೆಸ್ಸೆಲ್ಸಿಗೆ ಕಟ್ಟುವವರು ಯಾರ ಸಹಾಯವೂ ಇಲ್ಲದೆ ಓದಿಕೊಳ್ಳುವಂಥ ಒಂದು ಬೀಜಗಣಿತದ ಪುಸ್ತಕ ಬರೆದಿದ್ದೆ. ಲೆಕ್ಕದ ಪುಸ್ತಕವೆಂದರೆ ಊರಿನ ಪ್ರೆಸ್ಸಿನವರು ಕೈಮುಗಿದರು. ಸಾಗರದಲ್ಲಿ ಒಬ್ಬರು ಮಾಡಿಕೊಡುತ್ತಾರೆ ಎಂದು ಯಾರೋ ಹೇಳಿದರು. ಹಸ್ತಪ್ರತಿ ಹಿಡಿದುಕೊಂಡು ಹೋದೆ.

ಪ್ರೆಸ್ಸಿನ ಮಾಲೀಕರು ನನ್ನನ್ನು ನೇರ ಒಳಕ್ಕೆ, ಸೀಸದ ಅಚ್ಚುಮೊಳೆ ಜೋಡಿಸುವವರ ಬಳಿಗೆ ಕಳಿಸಿದರು. ಐವತ್ತರ ಆಸುಪಾಸಿನ ಸಣಕಲು ಮನುಷ್ಯ. ಬೆರಳ ತುದಿಗಳು ಸೀಸದಿಂದ ಕಪ್ಪಾಗಿದ್ದವು. ಎಲ್ಲರೂ ಅವರನ್ನು ಮೇಸ್ತ್ರಿ ಎನ್ನುತ್ತಿದ್ದರು. ನಾನೂ ಹಾಗೆಯೇ ಕರೆದೆ. ಅವರು ಹಾಳೆಗಳನ್ನು ಒಂದೊಂದಾಗಿ ತಿರುವಿದರು. ಬಹಳ ಹೊತ್ತಿನ ಮೇಲೆ ಒಂದು ಭಿನ್ನರಾಶಿಯ ಮೇಲೆ ಬೆರಳಿಟ್ಟು ಕೇಳಿದರು:

"ಟೀಚರೇ, ಈ ಮೈನಸ್ ಒಂದು ಇದೆಯಲ್ಲ, ಇದು ಮೇಲಿನವರ ಮನೇದಾ, ಕೆಳಗಿನವರ ಮನೇದಾ? ನೀವು ಬರೆದಿದ್ದು ಎರಡಕ್ಕೂ ನಡುವೆ ಆಗಿದೆ."

ನಾಲ್ಕನೇ ಇಯತ್ತೆಯವರೆಗೆ ಮಾತ್ರ ಓದಿದವರಂತೆ. ಆದರೆ ಯಾವ ಚಿಹ್ನೆ ಯಾವುದಕ್ಕೆ ಸೇರಿದ್ದು ಎಂಬುದು ಗೊತ್ತಾಗದೆ ಒಂದು ಮೊಳೆಯನ್ನೂ ಮುಟ್ಟುತ್ತಿರಲಿಲ್ಲ. ಪ್ರೆಸ್ಸಿನಲ್ಲಿ ವರ್ಗಮೂಲದ ಚಿಹ್ನೆ ಇರಲಿಲ್ಲ. ಹಿತ್ತಾಳೆ ಪಟ್ಟಿಯನ್ನು ಅರದಿಂದ ಉಜ್ಜಿ ಉಜ್ಜಿ ಹನ್ನೆರಡು ಚಿಹ್ನೆಗಳನ್ನು ತಾವೇ ಮಾಡಿಕೊಂಡರು. ನನಗೆ ರಜೆ ಇರುತ್ತಿದ್ದದ್ದು ಭಾನುವಾರ. ಪ್ರೆಸ್ಸಿಗೂ ಅಂದೇ ರಜೆ. ಆದರೂ ಅವರು ಆನಂದಪುರದಿಂದ ಬಸ್ಸಿನಲ್ಲಿ ಬಂದು, ಬೀಗ ತೆಗೆದು, ಕರಡು ಪ್ರತಿಗಳನ್ನು ಮೇಜಿನ ಮೇಲೆ ಹರವಿ ನನಗಾಗಿ ಕಾಯುತ್ತಿದ್ದರು. ಎಂಟು ತಿಂಗಳಲ್ಲಿ ಪುಸ್ತಕ ಮುಗಿಯಿತು. ಹಾಗೆ ನೋಡಿದರೆ ಅದು ನನ್ನದಕ್ಕಿಂತ ಅವರ ಪುಸ್ತಕವೇ ಆಗಿತ್ತು.

ಕೊನೆಯ ಕರಡು ತಿದ್ದಿದ ದಿನ, ಹೊರಡುವ ಮುಂಚೆ, ಅವರು ಹಿಂಜರಿಯುತ್ತಾ ಒಂದು ಮಾತು ತೆಗೆದರು. ಮನೆಯಲ್ಲಿ ಹತ್ತೊಂಬತ್ತು ವರ್ಷದ ಮಗಳಿದ್ದಾಳೆ, ಐದನೇ ವಯಸ್ಸಿನಲ್ಲಿ ಜ್ವರ ಬಂದು ಕಣ್ಣು ಹೋಯಿತು, ತಾಯಿ ಇಲ್ಲ. ತಾನು ಜೋಡಿಸಿದ್ದನ್ನು ದಿನಾ ಸಂಜೆ ಅವಳಿಗೆ ಬಾಯಲ್ಲಿ ಹೇಳುತ್ತಿದ್ದೇನೆ, ಅವಳು ಲೆಕ್ಕ ಬಿಡಿಸಿ ಉತ್ತರ ಹೇಳುತ್ತಾಳೆ, ಅದು ಸರಿಯೋ ತಪ್ಪೋ ತನಗೆ ತಿಳಿಯುವುದಿಲ್ಲ. ಒಮ್ಮೆ ಬಂದು ನೋಡಬಹುದೇ ಎಂದು ಕೇಳಿದರು.

ಮುಂದಿನ ಭಾನುವಾರ ಅವರ ಜೊತೆ ಆನಂದಪುರದಲ್ಲಿ ಇಳಿದೆ. ರಸ್ತೆಯ ಪಕ್ಕದಲ್ಲೇ ಎರಡು ಕೋಣೆಯ ಹೆಂಚಿನ ಮನೆ. ಮಗಳು ಜಗಲಿಯಲ್ಲಿ ಕುಳಿತಿದ್ದಳು. ನಾನು ಕೇಳಿದ ಹತ್ತು ಲೆಕ್ಕಗಳಲ್ಲಿ ಒಂಬತ್ತನ್ನು ಮನಸ್ಸಿನಲ್ಲೇ ಬಿಡಿಸಿದಳು. ನನ್ನ ತರಗತಿಯಲ್ಲಿ ಹಾಗೆ ಬಿಡಿಸುವವರು ಇಬ್ಬರೋ ಮೂವರೋ ಇದ್ದರು. ಉದ್ದದ ಲೆಕ್ಕ ಮಾತ್ರ ನಡುವೆ ಮರೆತುಹೋಗುತ್ತದೆ, ಹಿಂದೆ ಹೋಗಿ ನೋಡಲು ಪುಟ ಇಲ್ಲವಲ್ಲ ಎಂದಳು.

ಅಂಧರ ಶಾಲೆಗೆ ಯಾಕೆ ಕಳಿಸಲಿಲ್ಲ ಎಂದು ಮೇಸ್ತ್ರಿಗಳನ್ನು ಕೇಳಿದೆ. ಒಮ್ಮೆ ದೂರದ ಪಟ್ಟಣಕ್ಕೆ ಕರೆದುಕೊಂಡು ಹೋಗಿದ್ದರಂತೆ. ಬಿಟ್ಟು ಬರುವಾಗ ಮಗು ಅವರ ಅಂಗಿಯ ತುದಿ ಬಿಡಲಿಲ್ಲ.

"ತಿರುಗಿ ಕರ್ಕೊಂಡು ಬಂದೆ. ಅದು ನನ್ನ ತಪ್ಪೇ," ಎಂದರು.

ಬ್ರೈಲ್ ಅವಳಿಗೆ ಬರುತ್ತಿರಲಿಲ್ಲ. ಆದರೆ ಅಕ್ಷರ ಬರುತ್ತಿತ್ತು. ಅಪ್ಪ ಪ್ರೆಸ್ಸಿನಿಂದ ಸವೆದ ದೊಡ್ಡ ಮೊಳೆಗಳನ್ನು ತಂದುಕೊಟ್ಟು, ಒಂದೊಂದನ್ನೂ ಬೆರಳಿಂದ ತಡವಿಸಿ, ಅ ಆ ಇ ಈ ಕಲಿಸಿದ್ದರು. ಪುಸ್ತಕವನ್ನು ಅವಳು ಓದುವ ಹಾಗೆ ಮಾಡುವ ಉಪಾಯವನ್ನೂ ಅವರೇ ಕಂಡುಕೊಂಡಿದ್ದರು. ಯಕ್ಷಗಾನದ ಕರಪತ್ರಗಳಿಗೆ ಬಳಸುವ ದಪ್ಪ ಮೊಳೆಗಳಲ್ಲಿ ಸಾಲು ಜೋಡಿಸುವುದು. ಮಸಿ ಹಚ್ಚದೆ, ಒದ್ದೆ ಮಾಡಿದ ದಪ್ಪ ಕಾಗದದ ಮೇಲೆ ಜೋರಾಗಿ ಒತ್ತುವುದು. ಆಗ ಹಾಳೆಯ ಬೆನ್ನಿಗೆ ಅಕ್ಷರ ಉಬ್ಬಿ ಬರುತ್ತಿತ್ತು. ಕನ್ನಡಿಯಲ್ಲಿ ಕಂಡ ಹಾಗೆ ಅದು ತಿರುಗುಮುರುಗು, ನಮಗೆ ಓದಲಾಗದು. ಆದರೆ ಮೊಳೆಯಲ್ಲೂ ಅಕ್ಷರ ಇರುವುದು ಹಾಗೆಯೇ ತಾನೇ. ಮೊಳೆಯ ಮೇಲೆಯೇ ಕಲಿತ ಅವಳಿಗೆ ಅದೇ ನೇರ. ನಾನು ನೋಡುತ್ತಿದ್ದಂತೆಯೇ, ಅವರು ಒತ್ತಿ ತಂದಿಟ್ಟಿದ್ದ ಮೊದಲ ಹಾಳೆಯನ್ನು ಮೆಲ್ಲಗೆ ತಡವುತ್ತಾ ಪೂರ್ತಿ ಓದಿದಳು.

ತೊಡಕು ಬಂದದ್ದು ಭಿನ್ನರಾಶಿಯಲ್ಲಿ. "ಮೇಲೊಂದು ಕೆಳಗೊಂದು ಇಟ್ರೆ ಬೆರಳು ಎರಡೂ ಕಡೆ ಹೋಗಲ್ಲ ಟೀಚರ್. ಒಂದೇ ಸಾಲಲ್ಲಿ ಹೇಳೋಕೆ ಆಗಲ್ವಾ?" ಎಂದು ಕೇಳಿದಳು.

ಅಂದು ಮಧ್ಯಾಹ್ನವೆಲ್ಲ ಮೂವರೂ ಜಗಲಿಯಲ್ಲಿ ಕುಳಿತು ತೀರ್ಮಾನಿಸಿದೆವು. ಮದುವೆ ಕಾಗದದ ಅಂಚಿಗೆ ಹಾಕುವ ಹೂವಿನ ಮೊಳೆ ಬಂದರೆ ಭಿನ್ನರಾಶಿ ಶುರುವಾಯಿತು ಎಂದರ್ಥ. ಒಂದು ನಿಂತ ಗೆರೆ ಬಂದರೆ ಅಂಶ ಮುಗಿದು ಛೇದ ಶುರು. ನಕ್ಷತ್ರ ಬಂದರೆ ಮುಗಿಯಿತು. ದೊಡ್ಡ ಮೊಳೆಗಳಲ್ಲಿ ಇಂಗ್ಲಿಷಿನ ಎಕ್ಸ್ ಇರಲಿಲ್ಲ. ಅದರ ಬದಲಿಗೆ ಕ್ಷ. ಪ್ರತಿಯೊಂದು ಅಧ್ಯಾಯವನ್ನೂ ಹೀಗೆ ಒಂದೇ ಸಾಲಿನ ರೂಪಕ್ಕೆ ತಿರುಗಿಸಿ ಬರೆದುಕೊಡುವುದು ನನ್ನ ಕೆಲಸ. ಜೋಡಿಸಿ ಒತ್ತುವುದು ಅವರದು. ನಲವತ್ತು ವರ್ಷ ಕಳೆದು ಲೇಟೆಕ್ ಕಲಿಯಲು ಕುಳಿತಾಗ, ಅದರಲ್ಲೂ ಭಿನ್ನರಾಶಿಯನ್ನು ಒಂದೇ ಸಾಲಿನಲ್ಲಿ, ಆವರಣದೊಳಗೆ ಅಂಶ, ಆವರಣದೊಳಗೆ ಛೇದ ಎಂದು ಬರೆಯಬೇಕೆಂದು ಗೊತ್ತಾಯಿತು. ಕಲಿಸುತ್ತಿದ್ದ ಹುಡುಗಿ ಇದು ಕಷ್ಟ ಮೇಡಂ, ನಿಧಾನಕ್ಕೆ ಬರುತ್ತದೆ ಎಂದಳು. ಅಷ್ಟರಲ್ಲಿ ನಾನು ಮೂರು ಭಿನ್ನರಾಶಿ ಬರೆದು ಮುಗಿಸಿದ್ದೆ.

ಅಚ್ಚಾದ ಒಂದು ಪುಟ ಅವಳ ಪ್ರತಿಯಲ್ಲಿ ಏಳೆಂಟು ಹಾಳೆಯಾಗುತ್ತಿತ್ತು. ಸುಮಾರು ಒಂದೂವರೆ ವರ್ಷ, ತಿಂಗಳಿಗೆ ಎರಡು ಭಾನುವಾರ, ಈ ಕೆಲಸ ನಡೆಯಿತು. ಒಮ್ಮೆ ಅವಳು ನಾಲ್ಕನೇ ಅಧ್ಯಾಯದ ಹಾಳೆಯನ್ನು ಎರಡೆರಡು ಸಲ ತಡವಿ, "ಟೀಚರ್, ಇಲ್ಲಿ ಕ್ಷ ಮೂರು ಅಂತ ಉತ್ತರ ಕೊಟ್ಟಿದೀರಿ. ಮೂರು ಹಾಕಿದ್ರೆ ಕೆಳಗೆ ಸೊನ್ನೆ ಆಗ್ತದಲ್ಲ?" ಎಂದಳು. ಹೌದು, ಛೇದ ಸೊನ್ನೆಯಾಗುತ್ತಿತ್ತು. ಆ ಲೆಕ್ಕಕ್ಕೆ ಉತ್ತರವೇ ಇಲ್ಲ. ಪುಸ್ತಕ ಆಗಲೇ ಶಾಲೆ ಶಾಲೆಗಳಿಗೆ ಹೋಗಿತ್ತು. ನಾನೇ ಅದನ್ನು ಹಿಡಿದು ಪಾಠ ಮಾಡಿದ್ದೆ. ಕಣ್ಣಿದ್ದ ಒಬ್ಬರಿಗೂ ಕಂಡಿರಲಿಲ್ಲ. ಮೇಸ್ತ್ರಿಗಳು ತಪ್ಪು ತಮ್ಮದೇ ಇರಬೇಕೆಂದು ಗಾಬರಿಯಿಂದ ನನ್ನ ಹಸ್ತಪ್ರತಿ ತೆಗೆದು ನೋಡಿದರು. ನನ್ನದೇ ಎಂದು ಗೊತ್ತಾದಾಗ ಒಳಗೆ ಹೋಗಿ ಕಾಫಿ ಮಾಡಿ ತಂದರು. ಲೋಟ ಕೊಡುವಾಗ ಅವರ ಮುಖ ನೋಡಿದೆ. ಅಷ್ಟು ಸಂತೋಷದ ಮುಖವನ್ನು ನಾನು ಆಮೇಲೆ ಎಲ್ಲಿಯೂ ಕಂಡದ್ದು ನೆನಪಿಲ್ಲ.

ಅವತ್ತೇ ನಾನು ಪರೀಕ್ಷೆಯ ಮಾತೆತ್ತಿದ್ದು. ಖಾಸಗಿಯಾಗಿ ಎಸ್ಸೆಸ್ಸೆಲ್ಸಿಗೆ ಕೂರಬಹುದು, ಇವಳು ಹೇಳಿದ್ದನ್ನು ಬರೆಯಲು ಒಬ್ಬರನ್ನು ಕೊಡುತ್ತಾರೆ, ಕಚೇರಿಯಲ್ಲಿ ವಿಚಾರಿಸಿ ಅರ್ಜಿ ತರುತ್ತೇನೆ, ತುಂಬಿ ಕಳಿಸುವ ಜವಾಬ್ದಾರಿ ನನ್ನದು ಎಂದೆ. ಅವರಾಗಿ ಕೇಳಿರಲಿಲ್ಲ. ನಾನೇ ಹೇಳಿದೆ... ಆಸೆ ಹುಟ್ಟಿಸಿದವಳು ನಾನು. ಅರ್ಜಿಯನ್ನು ತಂದೂ ಇಟ್ಟುಕೊಂಡೆ. ಅಷ್ಟು ಹೊತ್ತಿಗೆ ಏಳು ಅಧ್ಯಾಯ ಮುಗಿದಿದ್ದವು. ಎಂಟನೆಯದು ವರ್ಗಸಮೀಕರಣ. ಅದನ್ನು ಬರೆದುಕೊಂಡು, ಅರ್ಜಿಯನ್ನೂ ಹಿಡಿದುಕೊಂಡು ಬರುತ್ತೇನೆಂದು ಹೇಳಿ ಬಸ್ಸು ಹತ್ತಿದ್ದೆ.

ಆ ವಾರವೇ ನಮ್ಮ ಹುಟ್ಟೂರು ಮೇಳಿಗೆಯಲ್ಲಿ ಅಮ್ಮ ಬಿದ್ದು ಸೊಂಟ ಮುರಿದುಕೊಂಡರು. ಶಾಲೆ, ಮೇಳಿಗೆ, ಆಸ್ಪತ್ರೆ ಎಂದು ಓಡಾಟವಾಯಿತು. ಮೇಸ್ತ್ರಿಗಳಿಂದ ಒಂದು ಕಾರ್ಡು ಬಂತು: ಏಳನೆಯದು ಅವಳಿಗೆ ಬಾಯಿಪಾಠವಾಗಿದೆ, ಎಂಟನೆಯದನ್ನು ಅನುಕೂಲವಾದಾಗ ಕೊಡುವುದು. ಕೆಳಗೆ 'ಇತಿ, ಪ್ರೆಸ್ಸಿನವ' ಎಂದಿತ್ತು. ಎರಡು ತಿಂಗಳಿಗೆ ಇನ್ನೊಂದು ಕಾರ್ಡು. ಅಮ್ಮ ಮಳೆಗಾಲದ ಹೊತ್ತಿಗೆ ಕೋಲು ಹಿಡಿದು ನಡೆಯುವಂತಾಗಿದ್ದರು. ಒಂದು ಭಾನುವಾರ ಬಿಡುವು ಮಾಡಿಕೊಳ್ಳಬಹುದಿತ್ತು. ಆದರೆ ಅಷ್ಟರಲ್ಲಿ ಅರ್ಜಿಯ ದಿನ ದಾಟಿತ್ತು. ದಾಟಿದ್ದನ್ನು ಅವರೆದುರು ನಿಂತು ಹೇಳುವ ಧೈರ್ಯ ಬರಲಿಲ್ಲ. ಎಂಟನೇ ಅಧ್ಯಾಯ ಮುಗಿಸಿಕೊಂಡೇ ಹೋಗೋಣ ಎಂದುಕೊಂಡೆ, ಅದನ್ನೂ ಮುಗಿಸಲಿಲ್ಲ. ಹೋಗದೆ ಇದ್ದಷ್ಟೂ ಹೋಗುವುದು ಕಷ್ಟವಾಯಿತು.

ಹೋದದ್ದು ಮರುವರ್ಷ. ಪ್ರೆಸ್ಸಿನಲ್ಲಿ ಅವರ ಜಾಗದಲ್ಲಿ ಬೇರೆ ಯಾರೋ ನಿಂತಿದ್ದರು. ಮಾಲೀಕರು ನನ್ನನ್ನು ಕೂರಿಸಿ ನಡೆದದ್ದನ್ನು ಹೇಳಿದರು. ಕರಪತ್ರದ ಅಕ್ಷರಗಳು ಮುಕ್ಕಾಗಿ ಮೂಡತೊಡಗಿದ್ದವಂತೆ. ನೋಡಿದರೆ ದಪ್ಪ ಮೊಳೆಗಳೆಲ್ಲ ಮೊಂಡಾಗಿವೆ. ಒದ್ದೆ ಕಾಗದದ ಮೇಲೆ ಅಷ್ಟು ಜೋರಾಗಿ ಒತ್ತಿದರೆ ಸೀಸ ತಡೆಯುವುದಿಲ್ಲ. ಭಾನುವಾರ ಪ್ರೆಸ್ಸಿನಲ್ಲಿ ಮಗಳಿಗಾಗಿ ಒತ್ತುತ್ತಿದ್ದದ್ದು ಮಾಲೀಕರಿಗೆ ಗೊತ್ತಿದೆಯೆಂದೇ ನಾನು ತಿಳಿದಿದ್ದೆ. ಮೇಸ್ತ್ರಿಗಳು ಅವರಿಗೆ ಹೇಳಿಯೇ ಇರಲಿಲ್ಲ, ಈಗ ನಾನು ಹೇಳಬೇಕಾಯಿತು.

"ಎಂತಕ್ಕೆ ಹೀಗಾಯ್ತು ಅಂತ ಕೇಳ್ದೆ, ಅಷ್ಟೇ," ಎಂದರು ಮಾಲೀಕರು. "ಮರುದಿನದಿಂದ ಬರಲೇ ಇಲ್ಲ. ಮಗಳಿಗೆ ಅಂತ ಒಂದು ಮಾತು ಹೇಳಿದ್ರೆ ನಾನು ಬೇಡ ಅಂತಿದ್ನಾ, ಟೀಚರೇ?"

ಆನಂದಪುರದ ಮನೆಗೆ ಬೀಗ ಹಾಕಿತ್ತು. ಹಿಂದಿನ ಮಳೆಗಾಲದಲ್ಲಿ ಮೇಸ್ತ್ರಿಗಳು ಕೆಮ್ಮು ಹಿಡಿದು, ಹಾಸಿಗೆಯಿಂದ ಏಳದೆ, ನವರಾತ್ರಿಗೆ ಮುಂಚೆಯೇ ತೀರಿಕೊಂಡರು ಎಂದು ಪಕ್ಕದ ಮನೆಯ ಹೆಂಗಸು ಹೇಳಿದಳು. ಮಗಳನ್ನು ಹೊಸನಗರದ ಹತ್ತಿರವಿದ್ದ ಸೋದರತ್ತೆ ಕರೆದುಕೊಂಡು ಹೋಗಿದ್ದರು. ಅಲ್ಲಿಂದ ರಿಪ್ಪನ್‌ಪೇಟೆಗೆ ಬಂದು, ಬಸ್ಸು ಬದಲಾಯಿಸಿ, ಕೇಳುತ್ತಾ ಕೇಳುತ್ತಾ ಆ ಮನೆ ಹುಡುಕಿಕೊಂಡು ಹೋದೆ.

ಅವಳು ಹಿತ್ತಲಿನಲ್ಲಿ ಹುರುಳಿ ಬಿಡಿಸುತ್ತಿದ್ದಳು. ನನ್ನ ದನಿ ಕೇಳಿದ ಕೂಡಲೇ ಎದ್ದು ನಿಂತಳು. ಸಿಟ್ಟು ಮಾಡಿಕೊಂಡಿದ್ದರೆ ನನಗೆ ಹಗುರವಾಗುತ್ತಿತ್ತು. ಅಮ್ಮ ಹೇಗಿದ್ದಾರೆ ಎಂದು ವಿಚಾರಿಸಿದಳು. ಅವಳೇ ಒಳಗಿನಿಂದ ಹಾಳೆಗಳ ಕಟ್ಟು ತಂದು ನನ್ನ ಕೈಗಿಟ್ಟಳು.

"ಮಳೆಗಾಲದ ಥಂಡಿಗೆ ಅಕ್ಷರ ಎಲ್ಲ ಮಲಗಿಬಿಟ್ಟವು ಟೀಚರ್," ಎಂದಳು.

ಹಾಳೆಗಳ ಮೇಲೆ ಕೈಯಾಡಿಸಿದೆ. ಒಂದೂವರೆ ವರ್ಷದ ಕೆಲಸ. ಅಲ್ಲಲ್ಲಿ ಒಂದು ಹೂವು, ಒಂದು ಅರ್ಧ ಸಾಲು ಬಿಟ್ಟರೆ ಉಳಿದದ್ದೆಲ್ಲ ಸಪಾಟಾಗಿತ್ತು. ಇರಲಿ, ಏಳೂ ಅಧ್ಯಾಯ ತಲೆಯಲ್ಲಿದೆ ಎಂದು ಅವಳೇ ನನಗೆ ಸಮಾಧಾನ ಹೇಳಿದಳು. ಆಮೇಲೆ ಹೇಳಿದಳು: "ಬಸ್ಸು ನಿಂತ ಸದ್ದು ಕೇಳಿದ್ರೆ ಅಪ್ಪ ಕಿವಿ ಕೊಡ್ತಿದ್ರು. ಟೀಚರ್ ಇರಬಹುದು ನೋಡು ಅಂತಿದ್ರು... ನಾನು ಎಲ್ಲಿ ನೋಡ್ಲಿ?"

ಅವಳು ನಕ್ಕಳು. ನನಗೆ ಅಲ್ಲಿ ಕುಳಿತಿರುವುದೇ ಕಷ್ಟವಾಯಿತು.

ಈ ವರ್ಷ ಖಂಡಿತ ಅರ್ಜಿ ಹಾಕೋಣ, ನಾನೇ ಬಂದು ಪಾಠ ಹೇಳುತ್ತೇನೆ ಎಂದೆ. ಬೇಡ ಎಂದಳು. ಪರೀಕ್ಷೆ ಪಾಸಾಗಿದ್ದನ್ನು ಹೇಳಬೇಕಾದವರು ಇಲ್ಲ ಎಂದಳು. ನಾನು ಮತ್ತೆರಡು ಸಲ ಹೋದೆ. ಎರಡೂ ಸಲ ಅದೇ ಉತ್ತರ. ಎರಡನೇ ಸಲ ಮಾತ್ರ ಬಸ್ಸಿನವರೆಗೆ ನನ್ನ ಕೈ ಹಿಡಿದು ಬಂದು, ಎಂಟನೇ ಅಧ್ಯಾಯದಲ್ಲಿ ಎಂತ ಇತ್ತು ಎಂದು ಕೇಳಿದಳು. ಒಂದೇ ಸಮೀಕರಣಕ್ಕೆ ಎರಡು ಉತ್ತರ ಇರಬಹುದು ಎಂದು ಹೇಳಿದೆ. "ಹೌದಾ," ಎಂದಳು. ಅದರ ಮುಂದಿನ ಸಲ ಹೋಗುವಷ್ಟರಲ್ಲಿ ಸೋದರತ್ತೆಯ ಸಂಸಾರ ಜಮೀನು ಬಿಟ್ಟು ಘಟ್ಟದ ಕೆಳಗೆ ಹೋಗಿತ್ತು. ಊರಿನ ಹೆಸರನ್ನು ಒಬ್ಬೊಬ್ಬರು ಒಂದೊಂದು ಹೇಳಿದರು. ನಾನು ಬರೆದ ಕಾಗದಗಳು ತಿರುಗಿ ಬಂದವು.

ಇ-ಪುಸ್ತಕ ಈಗ ಸರಿಹೋಗಿದೆ. ಹತ್ತು ದಿನ ಕುಳಿತು ಪ್ರತಿಯೊಂದು ಸೂತ್ರದ ಹಿಂದೆಯೂ ಅದನ್ನು ಬಾಯಲ್ಲಿ ಹೇಳುವ ಮಾತು ಸೇರಿಸಿದ್ದೇನೆ. ಕಣ್ಣಿಲ್ಲದವರಿಗೆ ಫೋನು ಓದಿ ಹೇಳುತ್ತದೆ. ಎಂಟನೇ ಅಧ್ಯಾಯವನ್ನೂ ಓದುತ್ತದೆ. ಅವಳು ಇದ್ದರೆ ಅರವತ್ತು ದಾಟಿರಬೇಕು.

ಕೊನೆಗೆ ಉಳಿದದ್ದು ಅರ್ಪಣೆಯ ಪುಟ. ಮೇಸ್ತ್ರಿಗಳ ಹೆಸರು ಬರೆಯಬೇಕೆಂದು ಕುಳಿತವಳಿಗೆ ಕೈ ನಿಂತಿತು. ಅವರ ಹೆಸರು ನನಗೆ ಗೊತ್ತಿಲ್ಲ. ಕೇಳಿದ್ದೇ ಇಲ್ಲ. ಸಾಗರಕ್ಕೆ ಹೋಗಿ ವಿಚಾರಿಸಿದೆ. ಪ್ರೆಸ್ಸು ಎಂಬತ್ತರ ದಶಕದಲ್ಲೇ ಮುಚ್ಚಿ, ಮಾಲೀಕರೂ ತೀರಿಕೊಂಡು, ಅಲ್ಲೀಗ ಬಟ್ಟೆ ಅಂಗಡಿ ಇದೆ. ಹಳಬರು ಒಬ್ಬಿಬ್ಬರಿಗೆ ಅವರ ನೆನಪಿದೆ. ಮೇಸ್ತ್ರಿ ಅಲ್ವಾ, ಎಂದರು.

ಆ ಪರೀಕ್ಷೆಯ ಅರ್ಜಿಯಲ್ಲಿ ಎರಡನೆಯ ಸಾಲೇ ತಂದೆಯ ಹೆಸರು. ತುಂಬಲು ಕುಳಿತಿದ್ದರೆ ಕೇಳುತ್ತಿದ್ದೆ.