ಓರೆ ಕಿಸೆಯ ಅಂಗಿ

ನುಸಿಗುಳಿಗೆ ಬಟ್ಟೆಯನ್ನು ಕಾಯುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ನಾನು ಖಚಿತವಾಗಿ ಹೇಳಲಾರೆ; ಗುಳಿಗೆಯ ಪಕ್ಕದಲ್ಲಿಯೇ ಹಾಯಾಗಿ ಬದುಕಿದ್ದ ನುಸಿಯನ್ನು ಕಣ್ಣಾರೆ ಕಂಡಿದ್ದೇನೆ. ಆದರೆ ಮನುಷ್ಯನ ಜಂಬವನ್ನು ಅದು ಬಹಳ ವರ್ಷ ಕೆಡದಂತೆ ಇಡುತ್ತದೆ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಕಳೆದ ತಿಂಗಳು ಕುಕ್ಕುಂದೂರಿನ ನಮ್ಮ ಮನೆಯಲ್ಲಿ ಹಳೆಯ ಟ್ರಂಕಿನ ಮುಚ್ಚಳ ತೆರೆದಾಗ ಮೊದಲು ಬಂದದ್ದು ಆ ವಾಸನೆ. ಅದರ ಬೆನ್ನಿಗೇ ಬಂದದ್ದು ನನ್ನ ಜಂಬ.

ಟ್ರಂಕು ತೆರೆಸಿದವಳು ನನ್ನ ತಮ್ಮನ ಮೊಮ್ಮಗಳು ಸ್ವಾತಿ. ಮಣಿಪಾಲದಲ್ಲಿ ಓದುತ್ತಾಳೆ. ಅಂಗಡಿಯಿಂದ ತಂದ ಉಡುಪನ್ನು ತಂದ ಹಾಗೆಯೇ ಹಾಕಿಕೊಳ್ಳುವುದು ಅವಳಿಗೆ ಸೇರದು. ಮೂರು ಹಳೆಯ ಜೀನ್ಸ್ ಪ್ಯಾಂಟುಗಳನ್ನು ಕತ್ತರಿಸಿ ಒಂದು ಜಾಕೆಟ್ಟು ಮಾಡಿಕೊಂಡಿದ್ದಾಳೆ. ಅವಳ ಅಜ್ಜಿಯ ಸೀರೆಯ ಸೆರಗು ಈಗ ಅವಳ ಹೆಗಲ ಚೀಲ. ಕಿವಿಯಲ್ಲಿ ತೂಗುವುದು ಯಾವುದೋ ಕೋಟಿನಿಂದ ಕಿತ್ತ ದೊಡ್ಡ ಗುಂಡಿಗಳು. ಇದು ಈ ಕಾಲದವರ ಹೊಸ ಹುಚ್ಚು ಎಂದು ಮನೆಯವರೆಲ್ಲ ಹೇಳುತ್ತಾರೆ, ನಾನು ಒಪ್ಪುವುದಿಲ್ಲ. ನಮ್ಮ ಮನೆಯಲ್ಲಿ ಅಣ್ಣನ ಅಂಗಿ ತಮ್ಮನಿಗೆ ಇಳಿಯುತ್ತಿತ್ತು, ತಮ್ಮನ ಅಂಗಿ ದಿಂಬಿನ ಚೀಲವಾಗುತ್ತಿತ್ತು, ದಿಂಬಿನ ಚೀಲ ಕೊನೆಗೆ ಒಲೆಯ ಬಳಿಯ ಮಸಿಬಟ್ಟೆಯಾಗಿ ಕಣ್ಣುಮುಚ್ಚುತ್ತಿತ್ತು. ಅದಕ್ಕೆ ಆಗ ಹೆಸರಿರಲಿಲ್ಲ, ಅಷ್ಟೇ.

"ಅಜ್ಜ, ನಿಮ್ಮದು ಎಂತಾದರೂ ಹಳೆಯದು ಉಂಟಾ? ಹರಿದಿದ್ದರೂ ಅಡ್ಡಿಯಿಲ್ಲ," ಎಂದಿದ್ದಳು.

ನಾನು ತಳದಿಂದ ಬಿಳಿಯ ಅಂಗಿಯೊಂದನ್ನು ತೆಗೆದು ಅವಳ ಮಡಿಲಲ್ಲಿಟ್ಟು, "ಇದನ್ನು ನಾನೇ ಹೊಲಿದದ್ದು. ಮೆಷಿನ್ ಇಲ್ಲದೆ, ಯಾರೂ ಹೇಳಿಕೊಡದೆ," ಎಂದೆ.

"ಗೊತ್ತುಂಟು ಅಜ್ಜ. ಪ್ರತಿ ಮದುವೆಯಲ್ಲಿಯೂ ಹೇಳ್ತೀರಿ."

ಹಾಗೆಂದರೂ ಅವಳಿಗೆ ಸಂತೋಷವಾಗಿತ್ತು. ಅದನ್ನು ತನ್ನ ಅಳತೆಗೆ ತಂದುಕೊಂಡು, ಕಾಲರಿನ ಹಿಂದೆ ಕೆಂಪು ನೂಲಿನಲ್ಲಿ 'ಅಜ್ಜ ಹೊಲಿದದ್ದು' ಎಂದು ಕಸೂತಿ ಹಾಕಿ ಕಾಲೇಜಿಗೆ ತೊಟ್ಟುಕೊಂಡು ಹೋಗುವುದೆಂದು ತೀರ್ಮಾನವಾಯಿತು. ನಾನು ಬೇಡವೆನ್ನಲಿಲ್ಲ.

ನೀವು ನಮ್ಮ ಮನೆಯ ಮದುವೆಗಳಿಗೆ ಬಂದವರಲ್ಲವಾದ್ದರಿಂದ ಆ ಅಂಗಿಯ ಕಥೆಯನ್ನು ನಿಮಗೂ ಹೇಳಬೇಕು. ನಾನು ಆರನೆಯ ತರಗತಿಗೆ ಶಾಲೆ ಬಿಟ್ಟವನು. ಆಮೇಲೆ ಕಲಿತದ್ದೆಲ್ಲ ಪೊಟ್ಟಣ ಕಟ್ಟಿ ಬಂದ ಪತ್ರಿಕೆಗಳಿಂದ ಮತ್ತು ಬಿಚ್ಚಿ ನೋಡಿದ ವಸ್ತುಗಳಿಂದ. ಹೀಗೆ ಕಲಿತವನಿಗೆ ಒಂದು ರೋಗ ಅಂಟಿಕೊಳ್ಳುತ್ತದೆ: ಯಾರು ಏನು ಹೇಳಿದರೂ 'ಅದು ನಿಮಗೆ ಹೇಗೆ ಗೊತ್ತು' ಎಂದು ಕೇಳುವುದು. ಈ ಪ್ರಶ್ನೆಯಿಂದ ನಾನು ಕೆಲವು ಸತ್ಯಗಳನ್ನು ಸಂಪಾದಿಸಿದ್ದೇನೆ, ಹಲವು ನೆಂಟರನ್ನು ಕಳೆದುಕೊಂಡಿದ್ದೇನೆ.

ಇಪ್ಪತ್ತರ ಹರೆಯದಲ್ಲಿ ಕಾಪುವಿನ ಒಂದು ಬಟ್ಟೆಯಂಗಡಿಯಲ್ಲಿ ಕೆಲಸಕ್ಕಿದ್ದೆ. ದೀಪಾವಳಿಗೆ ಧಣಿಗಳು ಎರಡು ಮೀಟರಿನ ಬಿಳಿ ತುಂಡೊಂದನ್ನು ಕೊಟ್ಟರು. ಅದನ್ನು ಎದುರಿನ ಟೈಲರನಲ್ಲಿಗೆ ಒಯ್ದರೆ, ನನ್ನ ಮೈಗೆ ಎರಡೂವರೆ ಮೀಟರು ಬೇಕೆಂದ. ಏಕೆಂದು ಕೇಳಿದೆ. "ಬೇಕು ಅಂದರೆ ಬೇಕು ಮಾರಾಯ. ನೀನು ಹೊಲಿಯುವುದಾ, ನಾನು ಹೊಲಿಯುವುದಾ?" ಎಂದ. ಅಂದು ನಾನೇ ಹೊಲಿಯುತ್ತೇನೆಂದು ಹೇಳಿ ಬಂದುಬಿಟ್ಟೆ.

ಅಂಗಿ ಹೇಗೆ ಆಗುತ್ತದೆಂದು ತಿಳಿಯಲು ನನಗಿದ್ದ ದಾರಿ ಒಂದೇ. ನನ್ನ ಬಳಿ ಒಂದು ಅಂಗಿಯಿತ್ತು. ಅದನ್ನು ಎಳೆಯೆಳೆಯಾಗಿ ಬಿಚ್ಚಿದೆ. ಬಿಚ್ಚಿದ ಮೇಲೆಯೇ ನೆನಪಾದದ್ದು, ಇದ್ದುದು ಅದೊಂದೇ ಎಂದು. ಮೂರು ದಿನ ಬನಿಯನಿನ ಮೇಲೆ ಮೈ ಒರೆಸುವ ಬೈರಾಸು ಹೊದ್ದುಕೊಂಡೇ ಗಿರಾಕಿಗಳಿಗೆ ಬಟ್ಟೆ ಅಳೆದುಕೊಟ್ಟೆ. ಅದಿರಲಿ. ಬಿಚ್ಚಿದಾಗ ನಾನೊಂದು ಮಹತ್ತಾದ ಸಂಗತಿಯನ್ನು ಕಂಡುಹಿಡಿದೆ. ಪ್ರತಿಯೊಂದು ಹೊಲಿಗೆಯ ಒಳಗೂ ಅರ್ಧ ಇಂಚಿನಷ್ಟು ಬಟ್ಟೆಯನ್ನು ಮಡಚಿ ಅಡಗಿಸಿದ್ದರು. ಟೈಲರುಗಳ ಹೆಚ್ಚುವರಿ ಬಟ್ಟೆಯೆಲ್ಲ ಹೋಗುವುದು ಇಲ್ಲಿಗೆ ಎಂದು ನನಗೆ ರೋಮಾಂಚನವಾಯಿತು. ಆ ಅಂಚನ್ನೆಲ್ಲ ಲೆಕ್ಕದಿಂದ ಬಿಟ್ಟು, ಹೊಲಿಗೆಯ ಗೆರೆಗೆ ಸರಿಯಾಗಿ ಹೊಸ ಬಟ್ಟೆಯನ್ನು ಕತ್ತರಿಸಿದೆ. ಎರಡು ಮೀಟರಿನಲ್ಲಿಯೇ ಮುಗಿಯಿತು. ಗೇಣುದ್ದ ಉಳಿಯಿತು ಕೂಡ.

ಹೊಲಿಗೆ ತಿಳಿದವರು ಈಗಲೇ ನಗುತ್ತಿರಬೇಕು. ಅಂಚಿಲ್ಲದ ಬಟ್ಟೆಯನ್ನು ಹೊಲಿಯಹೊರಟರೆ ಹೊಲಿಗೆ ಮೈಯ ಭಾಗವನ್ನೇ ತಿನ್ನುತ್ತದೆ. ಅಂಗಿ ಆಯಿತೇನೋ ಹೌದು, ಹಾಕಿಕೊಂಡರೆ ಕೈ ಎತ್ತಲಾಗುತ್ತಿರಲಿಲ್ಲ. ಆದರೂ ಸೋಲೊಪ್ಪದೆ ಅದನ್ನು ಕಾಜ ಹೊಲಿಯಲು ಐಸಮ್ಮನವರಿಗೆ ಕೊಟ್ಟೆ. ಕಾಜ ಎಂದರೆ ಗುಂಡಿ ತೂರುವ ಕಂಡಿ. ಅದರ ಸುತ್ತ ಕೈಯಲ್ಲಿ ಒತ್ತಾಗಿ ಹೊಲಿಯುವ ಕೆಲಸವನ್ನು ಟೈಲರುಗಳು ಮನೆಮನೆಯ ಹೆಂಗಸರಿಗೆ ಕೊಡುತ್ತಿದ್ದರು. ನನ್ನ ಬಾಡಿಗೆ ಕೋಣೆಗೆ ತಾಗಿದ ಮನೆಯ ಬ್ಯಾರಿ ಕುಟುಂಬದ ಸೊಸೆ ಅವರು, ನನಗಿಂತ ಐದಾರು ವರ್ಷ ಹಿರಿಯರು. ಉಣ್ಣುವುದು ಬಲಗೈಯಲ್ಲಿ, ಹೊಲಿಯುವುದು ಎಡಗೈಯಲ್ಲಿ.

ಎರಡು ದಿನದ ಮೇಲೆ ಅಂಗಿ ಒಗೆದು ಮಡಚಿ ಬಂತು. ಹಾಕಿ ನೋಡಿದರೆ ಮೈಗೆ ಸರಿಯಾಗಿ ಕೂತಿತು! ನಾನು ಕ್ಷಣಕಾಲ ಯೋಚಿಸಿ ಕಾರಣವನ್ನು ಕಂಡುಕೊಂಡೆ: ಹೊಸ ಬಟ್ಟೆ ನೀರು ಬಿದ್ದರೆ ಹಿಗ್ಗುತ್ತದೆ. ಜನ ಕುಗ್ಗುತ್ತದೆ ಎನ್ನುವುದು ಸುಳ್ಳು. ಅಂದಿನಿಂದ ಈ ಸಿದ್ಧಾಂತವನ್ನು ನಾನು ಐವತ್ತಕ್ಕೂ ಹೆಚ್ಚು ವರ್ಷ ಪ್ರತಿಪಾದಿಸಿದ್ದೇನೆ. ಕಾರ್ಕಳದ ಟೈಲರುಗಳು "ಬಟ್ಟೆ ನೆನೆಸಿ ತನ್ನಿ" ಎಂದರೂ ನೆನೆಸದೆಯೇ ಕೊಡುತ್ತಿದ್ದೆ. ಅಂಗಿ ಬಿಗಿಯಾದಾಗ ನನ್ನ ಮೈ ಬೆಳೆದಿದೆ ಎಂದುಕೊಳ್ಳುತ್ತಿದ್ದೆ.

ಸ್ವಾತಿ ಅಂಗಿಯ ಒಳಮೈ ತಿರುವಿ, ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

"ಅಜ್ಜ, ಇಲ್ಲಿ ಕಂಕುಳಲ್ಲಿ ಬೇರೆ ಬಟ್ಟೆ ಉಂಟಲ್ಲ?"

ಎರಡೂ ಕಂಕುಳಲ್ಲಿ ಅಂಗೈಯಗಲದ ಚೌಕ ತುಂಡುಗಳಿದ್ದವು. ಬಿಳಿಯೇ, ಆದರೆ ತೆಳುವಾದ ಬಿಳಿ. ತನ್ನ ಕಂಕುಳನ್ನು ತಾನೇ ನೋಡಿಕೊಳ್ಳುವವರು ಲೋಕದಲ್ಲಿ ಕಡಿಮೆ. ಜಗತ್ತನ್ನೆಲ್ಲ ಬಿಚ್ಚಿ ನೋಡುತ್ತೇನೆಂದು ಹೊರಟ ನಾನೂ ನೋಡಿರಲಿಲ್ಲ.

"ಮತ್ತೆ ಈ ಹೊಲಿಗೆಗಳು ನೋಡಿ. ನಾವೆಲ್ಲ ಬಲಗೈಯವರು ಹೊಲಿದರೆ ಈ ಕಡೆ ವಾಲ್ತದೆ. ಇದು ಪೂರಾ ಆ ಕಡೆ. ನೀವು ಎಡಗೈಯವರಲ್ಲ ಅಲ್ವಾ?"

ಅಲ್ಲ ಎಂದೆ. ಹುಡುಗಿ ಸೂಜಿಗೆ ಪೋಣಿಸಿದ್ದ ಕೆಂಪು ನೂಲನ್ನು ಮೆಲ್ಲನೆ ಹೊರಗೆಳೆದು ಉಂಡೆಗೆ ಸುತ್ತಿದಳು. ಅವಳು ನಕ್ಕಿದ್ದರೆ ನನಗೆ ಅಷ್ಟು ನಾಟುತ್ತಿರಲಿಲ್ಲ.

ಗುರುವಿಲ್ಲದೆ ಕಲಿತವನು ಎಂಬುದು ನನ್ನ ಬದುಕಿನ ಮುಖ್ಯ ವಾಕ್ಯವಾಗಿತ್ತು. ಇತರರ ವಾಕ್ಯಗಳನ್ನು ಎಷ್ಟೋ ಬಾರಿ ಬಿಚ್ಚಿದ್ದೆ, ಇದನ್ನೊಂದನ್ನು ಮುಟ್ಟಿರಲಿಲ್ಲ. ಮರುವಾರ ಸ್ವಾತಿಯನ್ನು ಕರೆದುಕೊಂಡು ಕಾಪುವಿಗೆ ಹೊರಟೆ. ಪಡುಬಿದ್ರಿಯಲ್ಲಿ ಬಸ್ಸು ಬದಲಿಸಿದೆವು. ಎರ್ಮಾಳ್ ದಾಟುವವರೆಗೂ ಒಂದು ಸಣ್ಣ ಆಸೆ ನನ್ನನ್ನು ಬಿಟ್ಟಿರಲಿಲ್ಲ: ಐಸಮ್ಮನವರು ತಾನಲ್ಲ ಎಂದುಬಿಟ್ಟರೆ?

ಹಾಗೆಯೇ ಅಂದರು. ಕಣ್ಣು ಮಂಜಾಗಿದೆ, ಕಿವಿ ಚುರುಕಾಗಿದೆ. ನನ್ನ ಸ್ವರ ಕೇಳಿದೊಡನೆ ಗುರುತಿಸಿ, ಸೊಸೆಗೆ ಚಾ ಇಡಲು ಹೇಳಿದರು. ನಮ್ಮ ಮಾತು ನಡೆದದ್ದು ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ನಾನು ಕಾಜ ಮಾತ್ರ ಹೊಲಿದದ್ದು. ಅಂಗಿ ನಿನ್ನದೇ," ಎಂದರು.

ನನಗೆ ಬೇಕಾಗಿದ್ದ ಸಾಕ್ಷಿ ಅದು. ಅಂಗಿಯನ್ನು ಮಡಚಿ ಚೀಲಕ್ಕೆ ಹಾಕಿ ಎದ್ದು ಬರಬಹುದಿತ್ತು. ಆದರೆ ಹಳೆಯ ರೋಗ ನಾಲಗೆಯ ತುದಿಗೆ ಬಂದಿತ್ತು.

"ಐಸಮ್ಮಾ, ಹೊಲಿಗೆ ಎಡಗೈಯದು. ಕಂಕುಳಲ್ಲಿ ಚೌಕ ತುಂಡು ಉಂಟು."

ಅವರು ಕೈ ಚಾಚಿದರು. ಸ್ವಾತಿ ಅಂಗಿ ಕೊಟ್ಟಳು. ಬೆರಳುಗಳು ಕಾಲರಿನಿಂದ ತೋಳಿಗೆ, ತೋಳಿನಿಂದ ಕಂಕುಳಿಗೆ ತಡವರಿಸದೆ ಹೋದವು.

"ನಮ್ಮ ಹಂಝನಿಗೆ ಅಂಗಿ ಹೊಲಿದು ಉಳಿದ ತುಂಡು ಇದು," ಎಂದು ಸೊಸೆಗೆ ಹೇಳಿದರು. ಹಂಝ ಎಂದರೆ ಅವರ ಮಗ, ಆಕೆಯ ಗಂಡ. ಆಮೇಲೆ ನನ್ನ ಕಡೆ ತಿರುಗಿ, "ಮತ್ತೆ ಎಂತ ಮಾಡುವುದು ಮಾರಾಯ? ಅದನ್ನು ಹಾಕಿಕೊಂಡು ಟೈಲರನ ಎದುರು ಹೋಗಿ ನಿಲ್ಲುತ್ತೇನೆ ಅಂದಿದ್ದೆ ನೀನು. ಕೈ ಎತ್ತಿದರೆ ಹರಿಯುತ್ತಿತ್ತು. ಅವ ಬಿಡ್ತಿದ್ದನಾ? ಮತ್ತೆ ನೀನು ಜೀವಮಾನದಲ್ಲಿ ಸೂಜಿ ಹಿಡಿಯುತ್ತಿರಲಿಲ್ಲ."

"ಆಗಲೇ ಹೇಳಬಹುದಿತ್ತಲ್ಲ?"

"ಹೇಳಿದರೆ ನೀನು ಕೇಳುವವನಾ? ಅದು ನಿಮಗೆ ಹೇಗೆ ಗೊತ್ತು ಅಂತ ನನ್ನನ್ನೇ ಕೇಳ್ತಿದ್ದೆ." ಸೊಸೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಐಸಮ್ಮನವರ ಬೆರಳು ಎದೆಯ ಕಿಸೆಯ ಮೇಲೆ ನಿಂತಿತು. "ಪೂರಾ ಬಿಚ್ಚಿ ಹೊಲಿದೆ. ಇದನ್ನೊಂದು ಮುಟ್ಟಲಿಲ್ಲ. ಓರೆಯಾಗಿತ್ತು. ಇದೂ ಸರಿ ಆದರೆ ಅಂಗಿ ನಿನ್ನದಲ್ಲ ಅಂತ ನಿನಗೆ ಗೊತ್ತಾಗ್ತಿತ್ತಲ್ಲ."

ಆ ಕಿಸೆ ಎಡಕ್ಕೆ ವಾಲಿರುವುದನ್ನು ನಾನು ಬಲ್ಲೆ. ಪೆನ್ನು ಸಿಕ್ಕಿಸಿದರೆ ಅದು ಸದಾ ಹೆಗಲಿನ ಕಡೆಗೆ ಬೊಟ್ಟು ಮಾಡುತ್ತಿತ್ತು. ಅದನ್ನು ತೋರಿಸಿಯೇ ಅಲ್ಲವೇ ನಾನು ಎಲ್ಲರನ್ನೂ ನಂಬಿಸುತ್ತಿದ್ದುದು, ಟೈಲರು ಹೊಲಿದದ್ದಾದರೆ ಹೀಗಿರುತ್ತಿತ್ತೇ ಎಂದು? ನನ್ನನ್ನು ನಂಬಿಸಿದ್ದೂ ಅದೇ.

ಹೊರಡುವಾಗ ಸ್ವಾತಿ, ಕಾಲರಿನಲ್ಲಿ ನಿಮ್ಮ ಹೆಸರು ಹೊಲಿಯಲೇ ಎಂದು ಅವರನ್ನು ಕೇಳಿದಳು. "ಕಾಜ ಹೊಲಿದವಳ ಹೆಸರು ಯಾರಾದರೂ ಬರೀತಾರಾ ಮಗಾ? ಬೇಡ," ಎಂದು ಐಸಮ್ಮನವರು ನಕ್ಕರು. ಈ ಒಂದು ವಿಷಯದಲ್ಲಿ ನಾನು ಅವರ ಮಾತನ್ನು ಒಪ್ಪಲಿಲ್ಲ.

ಹೆಸರನ್ನು ನಾನೇ ಹೊಲಿದೆ. ಸ್ವಾತಿ ನೂಲು ಪೋಣಿಸಿಕೊಟ್ಟಳು. ಮೂರು ಅಕ್ಷರಗಳಿಗೆ ಒಂದು ಇಡೀ ಮಧ್ಯಾಹ್ನ ಬೇಕಾಯಿತು. ಕೈ ನಡುಗುತ್ತದೆ, ಹಟ ನಡುಗುವುದಿಲ್ಲ. ಮುಗಿದಾಗ ಮೂರೂ ಮೂರು ದಿಕ್ಕಿಗೆ ವಾಲಿದ್ದವು. ಅವಳು ನೋಡಿ "ಆಯ್ತು ಅಜ್ಜ" ಎಂದಷ್ಟೇ ಹೇಳಿ ಅಂಗಿಯನ್ನು ಮಣಿಪಾಲಕ್ಕೆ ಒಯ್ದಳು.

ನಿನ್ನೆ ಅದನ್ನು ತೊಟ್ಟುಕೊಂಡು ಬಂದಿದ್ದಳು. ಸೊಂಟದ ಬಳಿ ಕಿರಿದು ಮಾಡಿದ್ದಾಳೆ, ತೋಳು ಮೊಟಕು ಮಾಡಿದ್ದಾಳೆ. ಕಂಕುಳನ್ನೂ ಕಿಸೆಯನ್ನೂ ಮುಟ್ಟಿಲ್ಲ. ಅವಳು ಚಾ ಕುಡಿಯಲು ಬಗ್ಗಿದಾಗ ಕಾಲರಿನ ಹಿಂದೆ ಹೆಸರು ಕಾಣಿಸಿತು. 'ಐ' ನೆಟ್ಟಗೆ ನಿಂತಿತ್ತು. 'ಸ' ನೆಟ್ಟಗೆ ನಿಂತಿತ್ತು. 'ಮ್ಮ' ಮಾತ್ರ, ನಾನು ಬಿಟ್ಟಿದ್ದ ಹಾಗೆಯೇ, ಎಡಕ್ಕೆ ವಾಲಿತ್ತು.

"ಹೇಗುಂಟು ಅಜ್ಜ ನಿಮ್ಮ ಕಸೂತಿ?" ಎಂದು ಕೇಳಿದಳು.

ಕಾಲರನ್ನು ಮಗುಚಿ ಹಿಂಬದಿಯ ಹೊಲಿಗೆಯನ್ನು ನೋಡಬಹುದಿತ್ತು. ಕೈ ಅಲ್ಲಿಯವರೆಗೆ ಹೋಯಿತು ಕೂಡ. "ಅಡ್ಡಿಯಿಲ್ಲ, ಚೆನ್ನಾಗಿ ಬಂದಿದೆ," ಎಂದು ಅವಳ ಬೆನ್ನು ತಟ್ಟಿ, ಬಚ್ಚಲಿಗೆ ಹೋಗಿ, ಟೈಲರನಿಗೆ ಕೊಡಲೆಂದು ತಂದಿದ್ದ ಹೊಸ ಅಂಗಿಯ ಬಟ್ಟೆಯನ್ನು ಬಕೆಟಿನ ನೀರಿನಲ್ಲಿ ನೆನೆಹಾಕಿದೆ.