ಪಂಪಿನ ತೀರ್ಪು

ಮೊನ್ನೆ ಮಗ ಪೇಪರ್ ಓದುತ್ತಾ ಒಂದು ಸುದ್ದಿ ಹೇಳಿದ. ದೇಶಗಳ ಮೇಲೂ ಕೋರ್ಟುಗಳಿವೆಯಂತೆ. ಒಂದು ದೇಶ ಯಾರನ್ನಾದರೂ ಗಡಿಯಾಚೆಗೆ ದಬ್ಬಲು ಹೊರಟರೆ ಅಂಥವರು ಹೋಗಿ ಆ ಕೋರ್ಟಿನ ಬಾಗಿಲು ತಟ್ಟಬಹುದಂತೆ, ಸರ್ಕಾರವೇ ಬಂದು ಉತ್ತರ ಕೊಡಬೇಕಂತೆ. "ಆದ್ರೆ ಏನು ಪ್ರಯೋಜನಮ್ಮಾ? ಮಾತು ಕೇಳದಿದ್ರೆ ಹಿಡ್ಕೊಂಡು ಹೋಗೋಕೆ ಅದಕ್ಕೆ ಪೊಲೀಸ್ ಇಲ್ಲ. ಹಲ್ಲಿಲ್ಲದ ಕೋರ್ಟು" ಅಂದ. ನಾನು ಕಾಫಿ ಲೋಟ ಕೆಳಗಿಟ್ಟು ನಕ್ಕಿದ್ದು ನೋಡಿ ಅವನಿಗೆ ಗಾಬರಿ. ಹಲ್ಲಿಲ್ಲದ ಕೋರ್ಟನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದು ಎಲೆ ಅಡಿಕೆಯನ್ನು ಕುಟ್ಟಾಣಿಯಲ್ಲಿ ಕುಟ್ಟಿಕೊಂಡು ಬಾಯಿಗೆ ಹಾಕಿಕೊಳ್ಳುತ್ತಿತ್ತು.

ನನ್ನನ್ನು ಕೊಟ್ಟಿದ್ದು ರಾಯಲ್ಪಾಡಿನ ಆಚೆಗಿನ ಒಂದು ಹಳ್ಳಿಗೆ. ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ತವರು ಮಾಲೂರಿನ ಪಕ್ಕ. ಜಿಲ್ಲೆ ಒಂದೇ ತಾನೆ ಎಂದು ಅಪ್ಪ ಧೈರ್ಯ ಹೇಳಿ ಕಳಿಸಿದ್ದರು, ಭಾಷೆಯ ವಿಷಯ ಮಾತ್ರ ಬಾಯಿ ಬಿಟ್ಟಿರಲಿಲ್ಲ. ಕೋಲಾರದಲ್ಲೊಮ್ಮೆ, ಶ್ರೀನಿವಾಸಪುರದಲ್ಲೊಮ್ಮೆ ಬಸ್ಸು ಬದಲಾಯಿಸುವಷ್ಟರಲ್ಲಿ ಸುತ್ತ ಕೂತವರ ಮಾತು ಕನ್ನಡದಿಂದ ತೆಲುಗಿಗೆ ಜಾರಿತ್ತು. ಗಡಿ ಎಷ್ಟು ಹತ್ತಿರವೆಂದರೆ ನಮ್ಮ ದನಗಳು ಕರ್ನಾಟಕದ ಕೊಟ್ಟಿಗೆಯಿಂದ ಹೊರಟು ಆಂಧ್ರದಲ್ಲಿ ಮೇದು ಸಂಜೆಗೆ ವಾಪಸು ಬರುತ್ತಿದ್ದವು. ಅವುಗಳನ್ನು ಮಾತ್ರ ಯಾರೂ ನಿಮ್ಮದು ಯಾವ ರಾಜ್ಯ ಎಂದು ಕೇಳುತ್ತಿರಲಿಲ್ಲ.

ಹೋದ ಹೊಸದರಲ್ಲಿ ಒಂದು ದಿನ ಮನೆ ತುಂಬಾ ನೆಂಟರು ಊಟಕ್ಕೆ ಕೂತಿದ್ದರು. ಅತ್ತೆ ಒಲೆ ಮುಂದಿನಿಂದಲೇ "ಕೂರ ವೇಯಿ" ಎಂದು ಕೂಗಿದರು. ಪಲ್ಯ ಬಡಿಸು ಎಂದು ಅದರ ಅರ್ಥ. ನನಗೆ ಕೇಳಿಸಿದ್ದು ಕನ್ನಡದ 'ಕೂರು'. ಅತ್ತೆಗೆ ನನ್ನ ಮೇಲೆ ಎಷ್ಟು ಅಕ್ಕರೆ ಎಂದು ಉಬ್ಬಿಹೋಗಿ, ಪಲ್ಯದ ಪಾತ್ರೆ ಹಿಡಿದುಕೊಂಡೇ ಗಂಡಸರ ಸಾಲಿನ ಕೊನೆಯಲ್ಲಿ ಕೂತುಬಿಟ್ಟೆ. ಊರಿಗೆ ಊರೇ ಅದನ್ನು ಹೇಳಿಕೊಂಡು ನಕ್ಕಿತು. ಅತ್ತೆ ನಗಲಿಲ್ಲ. "ಮಾಲೂರಿಂದ ಹೆಣ್ಣು ತಂದಿದ್ದೇ ತಪ್ಪಾಯ್ತು" ಅಂದರು. ನಾನು ಹಿತ್ತಲಿಗೆ ಹೋಗಿ ಅತ್ತುಬಿಟ್ಟೆ.

ಆಗ ನನಗೆ ಆಸರೆಯಾದವಳು ತೋಪಿನವಳು. ಅವಳ ಗಂಡ ಮಾವಿನ ಫಸಲು ಕಾಯಲು ಬಂದವನು. ಗಡಿಯಾಚೆಯ ಹಳ್ಳಿಯವರು, ಅಲ್ಲಿ ಅವರಿಗೆ ಅಂಗೈಯಗಲ ನೆಲವಿಲ್ಲ. ಗಂಡ, ಹೆಂಡತಿ, ಎರಡು ಮಕ್ಕಳು, ತೋಪಿನಲ್ಲೊಂದು ಗುಡಿಸಲು. ಕಾಯಿ ಇಳಿಸಿ ಲಾರಿಗಳೆಲ್ಲಾ ಹೋದ ಮೇಲೂ ಅವರು ಹೋಗಲಿಲ್ಲ. ಟೊಮೇಟೊ ಕೀಳುವುದು, ರಾಗಿ ಹೊಲದ ಕಳೆ, ಏನಾದರೂ ಕೂಲಿ ಸಿಗುತ್ತಿತ್ತು. ದೊಡ್ಡ ಮಗಳನ್ನು ನಮ್ಮೂರ ಸ್ಕೂಲಿಗೆ ಸೇರಿಸಬೇಕೆಂದು ಅವಳಿಗೆ ಆಸೆ. ಕಳೆ ಕೀಳುವಾಗ ನನ್ನ ಪಕ್ಕದ ಸಾಲು ಅವಳದು. ನಾನೊಂದು ಕನ್ನಡದ ಮಾತು ಕಲಿಸಿದರೆ ಅವಳೊಂದು ತೆಲುಗಿನ ಮಾತು ಕಲಿಸುತ್ತಿದ್ದಳು. ಇಬ್ಬರೂ ತಪ್ಪುತಪ್ಪಾಗಿ ಆಡಿಕೊಂಡು ನಗುತ್ತಿದ್ದೆವು. ಆ ಊರಲ್ಲಿ ನನ್ನನ್ನು ನೋಡಿ ನಗದೆ, ನನ್ನ ಜೊತೆ ನಕ್ಕವಳು ಅವಳೊಬ್ಬಳೇ.

ಆ ವರ್ಷವೇ ಸರ್ಕಾರದವರು ಬಂದು ಬೋರು ಕೊರೆದು ಹೊಂಗೆಮರದ ಪಕ್ಕ ಒಂದು ಕೈಪಂಪು ನಿಲ್ಲಿಸಿದರು. ಬಾವಿಯ ಸೇದುವ ಹಗ್ಗಕ್ಕೆ ರಜಾ ಸಿಕ್ಕಿತು. ಹಿಡಿಯನ್ನು ಒತ್ತಿದರೆ ಕಿರ್ರೆಂದು ಕೂಗಿಕೊಂಡು ಕಲ್ಲುಸಕ್ಕರೆಯಂಥ ನೀರು ಬರುತ್ತಿತ್ತು. ತೋಪಿನವಳೂ ಸಾಲಿನಲ್ಲಿ ಕೊಡ ಇಟ್ಟಳು. ಯಾರೋ ಅದನ್ನೆತ್ತಿ ಪಕ್ಕಕ್ಕಿಟ್ಟರು. ಜಾತಿಯ ನೆಪ ಹೇಳುವಂತಿರಲಿಲ್ಲ, ಅದನ್ನು ಊರು ಮೊದಲೇ ವಿಚಾರಿಸಿಕೊಂಡಿತ್ತು. ಹಾಗಾಗಿ ಗಡಿಯನ್ನು ಹಿಡಿದುಕೊಂಡರು. "ಇವತ್ತು ನೀರು ಕೊಟ್ರೆ ನಾಳೆ ಮನೆ ಕಟ್ತಾರೆ, ನಾಡಿದ್ದು ನೆಂಟರನ್ನೆಲ್ಲಾ ಕರ್ಕೊಂಡು ಬರ್ತಾರೆ" ಎಂದು ಊರ ಯಜಮಾನರ ವಾದ. ತೋಪಿನ ಒರತೆ ಬೇಸಿಗೆಗೆ ಒಣಗುತ್ತಾ ಬಂದಿತ್ತು. ಪಂಪು ಸಿಗದಿದ್ದರೆ ಆ ಸಂಸಾರ ಗಂಟು ಮೂಟೆ ಕಟ್ಟಲೇಬೇಕಿತ್ತು.

ಯಜಮಾನರು ಗಡಿಯಾಚೆಯ ಹಳ್ಳಿಗೆ ಹೇಳಿ ಕಳಿಸಿದರು: ನಿಮ್ಮವರನ್ನು ಕರೆದುಕೊಂಡು ಹೋಗಿ. ಆ ಊರಿನವರು ತಿರುಗಿ ಹೇಳಿ ಕಳಿಸಿದರು: ಬಿಟ್ಟು ಹೋದ ಮೇಲೆ ನಮ್ಮವರು ಹೇಗಾಗುತ್ತಾರೆ? ಎರಡು ಊರಿಗೂ ಮಾತಿಗೆ ಮಾತು ಬೆಳೆಯಿತು. ಇಂಥ ಜಗಳಕ್ಕೆ ಮೂರನೇ ಊರಿನ ಹಿರಿಯರನ್ನು ಕರೆದು ಕೂರಿಸುವುದು ಆ ಕಡೆಯ ರೂಢಿ. ಅವರ ಹಿಂದೆ ಪೊಲೀಸರಿಲ್ಲ, ಜೈಲಿಲ್ಲ. ಅವರ ಮಾತು ಮೀರಿದ ಊರಿಗೆ ಹೆಣ್ಣು ಕೊಡಲು ಜನ ಹಿಂದೆ ಮುಂದೆ ನೋಡುತ್ತಿದ್ದರು, ಅಷ್ಟೇ. ಇನ್ನೊಂದು ಕಟ್ಟಳೆ: ತೀರ್ಪನ್ನು ಹಿರಿಯರು ಒಂದೇ ಸಲ ಹೇಳುವುದು. ಎರಡನೇ ಸಲ ಹೇಳಿಸಿದರೆ ಅವರ ಮಾತಿಗೆ ಬೆಲೆಯಿಲ್ಲ ಎಂದಂತೆ.

ಬಂದವರು ಬೊಚ್ಚುಬಾಯಿಯ ತಾತ. ಹೊಂಗೆಮರದ ನೆರಳಿನಲ್ಲಿ ಗಂಡಸರು ಕೂತರು, ನಾವು ಹೆಂಗಸರು ಪಂಪಿನ ಸುತ್ತ ಖಾಲಿ ಕೊಡ ಹಿಡಿದು ನಿಂತೆವು. ತೋಪಿನವಳು ನನ್ನ ಸೆರಗಿನ ತುದಿ ಹಿಡಿದುಕೊಂಡಿದ್ದಳು. ತಾತ ಎರಡೂ ಕಡೆಯವರ ಮಾತು ಕೇಳಿದರು. ತೋಪಿನವಳ ಗಂಡನನ್ನು ಒಂದೆರಡು ಮಾತು ಕೇಳಿದರು. ಆಮೇಲೆ ಬಾಯಲ್ಲಿದ್ದ ಎಲೆ ಅಡಿಕೆಯನ್ನು ದವಡೆಯ ಮೂಲೆಗೆ ಸರಿಸಿ, ಯಜಮಾನರ ಕಡೆ ತಿರುಗಿ ಏನೋ ಅಂದರು. ನನಗೆ ಕೇಳಿಸಿದ್ದು ಇಷ್ಟು: "ವಾಳ್ಳಕಿ ಪಂಪು, ನಾಯನಾ."

'ನಾಯನಾ' ಅಂದರೆ ಅಪ್ಪಾ, 'ವಾಳ್ಳಕಿ' ಅಂದರೆ ಅವರಿಗೆ. ತೋಪಿನವಳೇ ಕಲಿಸಿದ್ದು. ಪಂಪು ಅಂದರೆ ಪಂಪು, ಅದನ್ನು ಕಲಿಸಬೇಕೆ? ನನಗೆ ಖುಷಿ ತಡೆಯಲಾಗಲಿಲ್ಲ. "ಅವರಿಗೂ ಪಂಪು ಅಂತೆ ಕಣ್ರೇ!" ಎಂದು ಕೂಗಿ, ಅವಳ ಕೊಡ ಕಿತ್ತುಕೊಂಡು ನಲ್ಲಿಯ ಬಾಯಿಗಿಟ್ಟು ಹಿಡಿಗೆ ಜೋತುಬಿದ್ದು ಒತ್ತಿದೆ. ಕಿರ್ರ್ ಕಿರ್ರ್ ಎಂಬ ಸದ್ದಿನಲ್ಲಿ ಯಜಮಾನರು "ಏಯ್, ನಿಲ್ಸಮ್ಮಾ! ನಿಲ್ಸು!" ಎಂದು ಕೂಗಿದ್ದು ಬಹಳ ಹೊತ್ತು ಕಿವಿಗೇ ಬೀಳಲಿಲ್ಲ.

ತೆಲುಗಿನಲ್ಲಿ ಪಂಪು ಅಂದರೆ ಕಳಿಸು ಎಂದೂ ಆಗುತ್ತದಂತೆ. ನನಗೆ ದೇವರಾಣೆಗೂ ಗೊತ್ತಿರಲಿಲ್ಲ. 'ವಾಳ್ಳನಿ ಪಂಪು' ಅಂದರೆ ಅವರನ್ನು ಕಳಿಸಿಬಿಡು. 'ವಾಳ್ಳಕಿ ಪಂಪು' ಅಂದರೆ ಪಂಪು ಅವರಿಗೆ. ಒಂದು ಸಂಸಾರ ಇರುವುದೋ ಹೋಗುವುದೋ ಎನ್ನುವುದು 'ನಿ'ಗೂ 'ಕಿ'ಗೂ ನಡುವೆ ಸಿಕ್ಕಿಕೊಂಡಿತ್ತು. ತಾತನ ಬೊಚ್ಚುಬಾಯಿ, ಅದರ ತುಂಬಾ ಎಲೆ ಅಡಿಕೆ. ಅರ್ಧ ಜನ ನಿ ಅಂದರು, ಅರ್ಧ ಜನ ಕಿ ಅಂದರು. "ಇವಳಿಗೆ ಕೂರ ಅಂದ್ರೇನು ಅಂತಲೇ ಗೊತ್ತಿಲ್ಲ, ತೀರ್ಪು ಕೇಳಿಸ್ಕೊಂಡ್ಳಂತೆ" ಎಂದು ಯಾರೋ ನಗಿಸಿದರು. ಭೂಮಿ ಬಾಯಿ ಬಿಡಬಾರದೆ ಅನ್ನಿಸಿತು.

ಆಗ ಅತ್ತೆ ಮುಂದೆ ಬಂದರು. ನನಗೂ ತಿಳಿಯಲಿ ಎಂದೋ ಏನೋ, ಕನ್ನಡದಲ್ಲೇ ಗಟ್ಟಿಯಾಗಿ ಹೇಳಿದರು. "ನಾನು ತಾತನ ಪಕ್ಕದಲ್ಲೇ ನಿಂತಿದ್ದೆ. ಕಿ ಅಂದ್ರು. ನಮ್ಮ ಸೊಸೆ ಕೇಳಿಸ್ಕೊಂಡಿದ್ದೇ ಸರಿ."

"ಅಲ್ಲಕ್ಕಾ, ಹೊರಗಿನೋರಿಗೆಲ್ಲಾ ಹೀಗೆ..." ಎಂದು ಯಜಮಾನರು ರಾಗ ಎಳೆದರು.

"ಯಾರಪ್ಪಾ ಹೊರಗಿನೋರು? ಇಲ್ಲಿ ಕೊಡ ಹಿಡ್ಕೊಂಡು ನಿಂತಿರೋ ಹೆಂಗಸರಲ್ಲಿ ಈ ಊರಲ್ಲೇ ಹುಟ್ಟಿದೋಳು ಯಾರು? ಎಲ್ಲಿ, ಕೈ ಎತ್ರೇ ನೋಡೋಣ."

ಸೋದರಮಾವನನ್ನೇ ಮದುವೆಯಾಗಿದ್ದ ಒಬ್ಬಳು ಹೆಮ್ಮೆಯಿಂದ ಕೈ ಎತ್ತಿದಳು. "ನೀನು ಇಳಿಸೇ!" ಎಂದು ಅತ್ತೆ ಗದರಿದರು. ಆಮೇಲೆ ಗಂಡಸರ ಕಡೆ ತಿರುಗಿ, "ನೋಡಿದ್ರಾ? ನಿಮ್ಮ ಮನೆ ನೀರು, ನಿಮ್ಮ ಮನೆ ಅನ್ನ, ನಿಮ್ಮ ಮಕ್ಕಳು, ಎಲ್ಲಾ ಹೊರಗಿನೋರು ಮಾಡಿದ್ದೇ. ಹೊರಗಿನೋರಿಗೆ ಪಂಪಿಲ್ಲ ಅಂದ್ರೆ ನಾವೂ ಮುಟ್ಟಲ್ಲ. ಇವತ್ತಿಂದ ನೀವೇ ಬಂದು ಹೊತ್ಕೊಂಡು ಹೋಗಿ" ಎಂದು ತಮ್ಮ ಕೊಡವನ್ನು ಠಣ್ಣೆಂದು ಕಲ್ಲಿನ ಮೇಲೆ ಕುಕ್ಕಿದರು. ಹಿಂದೆಯೇ ಒಂದೊಂದಾಗಿ ಉಳಿದ ಕೊಡಗಳೂ ಕೆಳಗಿಳಿದವು. ಕೈ ಎತ್ತಿದವಳದೂ ಇಳಿಯಿತು.

ಎಲ್ಲರೂ ತಾತನ ಮುಖ ನೋಡಿದರು. ಎರಡನೇ ಸಲ ಹೇಳಿ ಎನ್ನಲು ಯಾರಿಗೂ ಬಾಯಿಲ್ಲ. ತಾತ ಅತ್ತೆಯನ್ನು ನೋಡಿದರು, ನನ್ನನ್ನು ನೋಡಿದರು. ಪಿಚಕ್ಕನೆ ಎಲೆ ಅಡಿಕೆ ಉಗುಳಿ ಎದ್ದು ಬಂದು, ಪಂಪಿನ ಮುಂದೆ ಬೊಗಸೆ ಒಡ್ಡಿ ಬಗ್ಗಿ, ತೋಪಿನವಳಿಗೆ ಹೇಳಿದರು: "ಕೊಟ್ಟಮ್ಮಾ."

ಅವರು ಹೇಳಿದ್ದು ತೆಲುಗಿನಲ್ಲಿ, ಪಂಪು ಒತ್ತಮ್ಮಾ ಎಂದು ಅದರ ಅರ್ಥ. ನನಗೆ ಅದೂ ಕನ್ನಡವಾಗಿಯೇ ಕೇಳಿಸಿತು. ಕೊಟ್ಟ, ಅಮ್ಮಾ! ಕೊಟ್ಟೇಬಿಟ್ಟ! ನಾನು ಕುಣಿದಾಡಿದೆ. ಈ ಸಲದ ತಪ್ಪನ್ನು ಯಾರೂ ತಿದ್ದಲು ಬರಲಿಲ್ಲ. ತೋಪಿನವಳು ಅಳುತ್ತಾ ಹಿಡಿ ಒತ್ತಿದಳು, ತಾತ ಹೊಟ್ಟೆ ತುಂಬಾ ಕುಡಿದು, ಮೀಸೆ ಒರೆಸಿಕೊಂಡು, ನೀರು ಚೆನ್ನಾಗಿದೆ ಎಂದರು. ಎರಡು ಊರಿನವರಿಗೂ ಅಷ್ಟೇ ಸಾಕಾಯಿತು. ಮಧ್ಯಾಹ್ನ ನಮ್ಮ ಮನೆಯಲ್ಲೇ ತಾತನಿಗೆ ಮುದ್ದೆ ಊಟ. ಅತ್ತೆ "ಕೂರ ವೇಯಿ" ಅಂದರು. ನಾನು ಬಡಿಸಿದೆ.

ಬಹಳ ವರ್ಷಗಳ ಮೇಲೆ ಒಂದು ಚಳಿಗಾಲದಲ್ಲಿ ಅತ್ತೆಯೂ ನಾನೂ ಅವರೆಕಾಯಿ ಸುಲಿಯುತ್ತಾ ಕೂತಿದ್ದಾಗ ಆ ಮಾತು ಬಂತು. "ನಿ ಅಂತಲೇ ಅಂದಿದ್ದು ಕಣೇ ಆ ಮುದುಕ. ನನಗೆ ಚೆನ್ನಾಗಿ ಕೇಳಿಸ್ತು" ಅಂದರು ಅತ್ತೆ.

ನನ್ನ ಕೈಯಲ್ಲಿದ್ದ ಕಾಯಿ ಹಾಗೇ ಉಳಿಯಿತು. "ಮತ್ತೆ ಕಿ ಅಂದ್ರಲ್ಲಾ ಅತ್ತೆ?"

"ನೀನು ಅಷ್ಟು ಖುಷಿಯಾಗಿ ನೀರು ಹೊಡೀತಿದ್ದೆ. ನಮ್ಮ ಮನೆಗೆ ಬಂದಾಗಿಂದ ನೀನು ನಕ್ಕಿದ್ದನ್ನ ನಾನು ನೋಡಿರ್ಲಿಲ್ಲ" ಎಂದು ಇನ್ನೊಂದು ಹಿಡಿ ಕಾಯಿ ನನ್ನ ಮಡಿಲಿಗೆ ಸುರಿದರು.

ತೋಪು ಈಗ ಕೈ ಬದಲಾಗಿದೆ, ಊರಿಗೆಲ್ಲಾ ನಲ್ಲಿ ಬಂದಿದೆ. ತೋಪಿನವಳ ದೊಡ್ಡ ಮಗಳು ಅಲ್ಲೇ ಓದಿ, ಈಗ ಅದೇ ಸ್ಕೂಲಿನಲ್ಲಿ ಮಕ್ಕಳಿಗೆ ಕನ್ನಡ ಹೇಳಿಕೊಡುತ್ತಿದ್ದಾಳೆ. ಆ ಮನೆಗೆ ದಾರಿ ಕೇಳಿದರೆ ಊರಿನವರು ಇವತ್ತಿಗೂ ಪಂಪಿನೋರ ಮನೆ ಎಂದೇ ಕೈ ತೋರಿಸುತ್ತಾರೆ. ತೆಲುಗಿನಲ್ಲಿ ಅದಕ್ಕೆ ಇನ್ನೊಂದು ಅರ್ಥವಿದೆ ಎಂಬುದು ಯಾರಿಗೂ ನೆನಪಾಗುವುದಿಲ್ಲ.